ಬಾಣಲೆಯ ಬೆನ್ನ ಮೇಲಿನ ಬರಹ

ನಮ್ಮ ಕಡೆ ಪಾತ್ರೆಯ ಮೇಲೆ ಹೆಸರಿದ್ದರೆ ಅದು ಕೊಂಡವರದ್ದು, ಇಲ್ಲವೇ ಉಡುಗೊರೆ ಕೊಟ್ಟವರದ್ದು. ಪಾತ್ರೆ ಅಂಗಡಿಯಲ್ಲಿ ಕರ್ರ್ ಎಂದು ಸದ್ದು ಮಾಡುವ ಪುಟ್ಟ ಯಂತ್ರ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುವವನ ಎದುರು ಬೆರಗಾಗಿ ನಿಂತ ನೆನಪು ಈಗಿನ ಅಜ್ಜ ಅಜ್ಜಿಯರಿಗೆಲ್ಲ ಇದ್ದೇ ಇರುತ್ತದೆ. ನಮ್ಮ ಮನೆಯ ಒಂದು ಡಬರಿಯ ಮೇಲೆ ನನ್ನ ಸೋದರಮಾವನ ಹೆಸರೂ ನಮ್ಮ ಮದುವೆಯ ತಾರೀಕೂ ಇವೆ. ಮಾವ ಹೋಗಿ ಎಷ್ಟೋ ವರ್ಷವಾಯಿತು, ಡಬರಿಯಲ್ಲಿ ಸಾರು ಮಾತ್ರ ಇವತ್ತಿಗೂ ಕುದಿಯುತ್ತದೆ. ಆದರೆ ಆ ಡಬರಿ ಮಾಡಿದವರು ಯಾರು? ಆ ಹೆಸರು ಎಲ್ಲೂ ಇಲ್ಲ.

ಅಮೆರಿಕದ ಹಳೆಯ ಬೀಡಿನ ಬಾಣಲೆಗಳದ್ದು ಇದರ ತಿರುಗುಮುರುಗು. ಬೀಡು ಎಂದರೆ ಎರಕದ ಕಬ್ಬಿಣ. ಮಕ್ಕಳಿಗೆ ಕ್ಯಾಸ್ಟ್ ಐರನ್ ಎಂದರೆ ಬೇಗ ತಿಳಿದೀತು. ಆ ಬಾಣಲೆಗಳನ್ನು ಮಗುಚಿದರೆ ಬೆನ್ನ ಮೇಲೆ ಮಾಡಿದ ಕಾರ್ಖಾನೆಯ ಹೆಸರು, ಊರು, ಒಂದು ಅಂಕಿ, ಕೆಲವೊಮ್ಮೆ ಇನ್ನೊಂದು ಉದ್ದನೆಯ ಅಂಕಿ, ಎಲ್ಲವೂ ಎರಕದಲ್ಲೇ ಮೂಡಿರುತ್ತವೆ. ಅದನ್ನು ಓದಿ ಬಾಣಲೆಯ ವಯಸ್ಸು ಹೇಳುವವರು ಅಲ್ಲಿ ಬಹಳ ಮಂದಿ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕುಳಿತು ಸಹಿ ಹೋಲಿಸಿದ ನನಗೆ ಈ ವಿದ್ಯೆ ಹಿಡಿಸದೆ ಇರುತ್ತದೆಯೇ?

ನಾನೂ ನಮ್ಮ ಮನೆಯವರೂ ಓಹಿಯೋ ರಾಜ್ಯದ ಡೇಟನ್ ಊರಿನಲ್ಲಿರುವ ಮಗಳ ಮನೆಗೆ ಹೋಗಿ ಆರು ತಿಂಗಳು ಇದ್ದೆವು. ವಿಮಾನ ಹಾರಿಸಿದ ರೈಟ್ ಸಹೋದರರ ಊರು ಅದು. ಮಗಳ ಅಡುಗೆಮನೆಯಲ್ಲಿದ್ದ ನಾನ್‌ಸ್ಟಿಕ್ ಬಾಣಲೆಯ ಕರಿ ಲೇಪ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. "ಈ ಚಕ್ಕೆ ಅಕ್ಕಿರೊಟ್ಟಿಗೆ ಅಂಟಿ ಮಕ್ಕಳ ಹೊಟ್ಟೆಗೆ ಹೋಗುತ್ತಲ್ಲೇ" ಎಂದು ನಮ್ಮ ಮನೆಯವರು ದಿನಾ ಗೊಣಗುತ್ತಿದ್ದರು. ಹನ್ನೊಂದು ವರ್ಷದ ಮೊಮ್ಮಗ ಇದನ್ನು ಕೇಳಿಸಿಕೊಂಡಿದ್ದ. ಅಕ್ಟೋಬರಿನಲ್ಲಿ ಅವನಮ್ಮನ ಹುಟ್ಟುಹಬ್ಬ. ಅಕ್ಕಪಕ್ಕದ ಮನೆಗಳ ಅಂಗಳದಲ್ಲಿ ಉದುರಿದ ಎಲೆ ಗುಡಿಸಿ 62 ಡಾಲರ್ ಕೂಡಿಸಿದ್ದ. "ತಾತ, ಅಮ್ಮನಿಗೆ ಒಂದು ಹಳೇ ಬಾಣಲೆ ಕೊಡಿಸೋಣ. ಹಳೇದೇ ಒಳ್ಳೇದಂತೆ. ಲೈಬ್ರರಿಯಲ್ಲಿ ಅದರ ಪುಸ್ತಕ ಇದೆ" ಎಂದು ಗುಟ್ಟಾಗಿ ಕಿವಿಯಲ್ಲಿ ಹೇಳಿದ.

ಪುಸ್ತಕ ತಂದೆವು. ಬಿ.ಕಾಂ. ಮುಗಿಸಿದ ಮೇಲೆ ನಾನು ಯಾವ ಪುಸ್ತಕವನ್ನೂ ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ.

ನಾವಿದ್ದ ಜಾಗವೂ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಡೇಟನ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಒಂದರ ಹಿಂದೊಂದು ಮೂರು ಊರು ಸಿಗುತ್ತವೆ. ಪಿಕ್ವಾ, ಸಿಡ್ನಿ, ವಪಕೊನೆಟ. ಮೂರರಲ್ಲೂ ಒಂದು ಕಾಲಕ್ಕೆ ಬಾಣಲೆ ಎರಕ ಹೊಯ್ಯುತ್ತಿದ್ದರು. ಪಿಕ್ವಾದ ಒಲೆ ಕಾರ್ಖಾನೆಯ ಬಾಣಲೆಗಳ ಮೇಲೆ 'ಫೇವರಿಟ್ ಪಿಕ್ವಾ ವೇರ್' ಎಂದಿದೆ. ಕೆಳಗಿನ ಅಕ್ಷರಗಳ ಸಾಲು ನಗುವ ಬಾಯಿಯ ಹಾಗೆ ಬಾಗಿರುವುದರಿಂದ ಸಂಗ್ರಹಕಾರರು ಅದನ್ನು 'ಸ್ಮೈಲಿ' ಎನ್ನುತ್ತಾರೆ. 1930ರ ದಶಕದಲ್ಲಿ ಆ ಕಾರ್ಖಾನೆ ಮುಚ್ಚಿತು, ನಗು ಉಳಿಯಿತು. ಸಿಡ್ನಿಯಲ್ಲಿ ವ್ಯಾಗ್ನರ್ ಸಹೋದರರು 1891ರಲ್ಲಿ ಕಾರ್ಖಾನೆ ಹಾಕಿದರು. ಅವರ ಗುರುತಿನಲ್ಲಿ 'ವ್ಯಾಗ್ನರ್' ಮತ್ತು 'ವೇರ್' ಎಂಬ ಎರಡು ಮಾತಿಗೂ ಸೇರಿ ಒಂದೇ ದೊಡ್ಡ ಡಬ್ಲ್ಯೂ ಅಕ್ಷರ, ಒಂದೇ ಕೊಡೆಯಡಿ ಇಬ್ಬರು ನಡೆದ ಹಾಗೆ. ಕೆಳಗೆ 'ಸಿಡ್ನಿ', ಅದರಡಿ ಎರಡು ಗೆರೆಯ ನಡುವೆ ಒಂದು ಸೊನ್ನೆ. ಅದು ಸೊನ್ನೆಯಲ್ಲ, ಓಹಿಯೋದ 'ಓ'. ನಮ್ಮ ಮನೆಯವರು ಸಿಡ್ನಿ ಎಂದ ಕೂಡಲೇ "ಆಸ್ಟ್ರೇಲಿಯಾದಿಂದ ಇಷ್ಟು ಭಾರ ಹೊತ್ತು ತಂದರಾ?" ಎಂದರು. ಇಂಗ್ಲಿಷಿನಲ್ಲಿ ಎರಡೂರಿನ ಕಾಗುಣಿತ ಬೇರೆ. ಕನ್ನಡದಲ್ಲಿ ಬರೆದರೆ ಅವರ ಪ್ರಶ್ನೆಗೆ ಎದುರಾಡುವಂತಿಲ್ಲ.

ಇವೆಲ್ಲಕ್ಕಿಂತ ಹೆಸರಾದದ್ದು ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದ, ಈರಿ ಸರೋವರದ ದಡದಲ್ಲಿರುವ ಈರಿ ಊರಿನ ಗ್ರಿಸ್‌ವೋಲ್ಡ್. 1865ರಲ್ಲಿ ಶುರುವಾದ ಕಾರ್ಖಾನೆ. ಮೊದಮೊದಲ ಬಾಣಲೆಗಳ ಮೇಲೆ ಕಾರ್ಖಾನೆಯ ಹೆಸರೇ ಇಲ್ಲ, 'ಈರಿ' ಎಂದು ಊರಿನ ಹೆಸರಷ್ಟೆ. ಮುಂದೆ ಎರಡು ವೃತ್ತಗಳ ಒಳಗೆ ಒಂದು ಶಿಲುಬೆಯಾಕಾರ, ಅದರ ನಡುವೆ ಹೆಸರು ಬಂತು. ಆ ಗುರುತು ದೊಡ್ಡದಾಗಿದ್ದರೆ ಸುಮಾರು 1920ರಿಂದ 1940ರ ನಡುವಿನದು, ಚಿಕ್ಕದಾಗಿದ್ದರೆ ಅದರಿಂದೀಚಿನದು. ಈರಿಯ ಕಾರ್ಖಾನೆ 1957ರಲ್ಲಿ ಮುಚ್ಚಿತು. ಆಮೇಲೆ ವ್ಯಾಗ್ನರ್, ಗ್ರಿಸ್‌ವೋಲ್ಡ್ ಎರಡೂ ಒಬ್ಬನೇ ಮಾಲೀಕನ ಕೈಗೆ ಹೋಗಿ, ಒಂದೇ ಬಾಣಲೆಯ ಮೇಲೆ ಎರಡೂ ಹೆಸರು ಮೂಡಿದ್ದುಂಟು. ಈಚೆಗೆ ನಮ್ಮ ಬ್ಯಾಂಕುಗಳು ಒಂದರೊಳಗೊಂದು ವಿಲೀನವಾದಾಗ ಪಾಸ್‌ಬುಕ್ಕಿನ ಮೇಲೆ ಎರಡು ಹೆಸರಿನ ಮೊಹರು ಬಿದ್ದಿತ್ತಲ್ಲ, ಹಾಗೆ.

ಬೆನ್ನಿನ ಮೇಲಿನ ಒಂಟಿ ಅಂಕಿಯನ್ನು ಇಂಚು ಎಂದುಕೊಳ್ಳಬಾರದು. '8' ಎಂದಿರುವ ಬಾಣಲೆಯ ಬಾಯಿ ಹತ್ತೂವರೆ ಇಂಚು ಅಗಲ. ಹಾಗಾದರೆ ಎಂಟು ಏನು? ಆಗಿನ ಸೌದೆ ಒಲೆಯ ಮೇಲ್ಭಾಗದಲ್ಲಿ ದುಂಡು ಕಣ್ಣುಗಳಿರುತ್ತಿದ್ದವು, ಅವಕ್ಕೆ ನಂಬರು. ಎಂಟನೆಯ ನಂಬರಿನ ಕಣ್ಣಿಗೆ ಎಂಟನೆಯ ನಂಬರಿನ ಬಾಣಲೆ. ಕಣ್ಣಿನ ಮೇಲೆ ಸರಿಯಾಗಿ ಕೂರಲೆಂದು ಬೆನ್ನಿನ ಅಂಚಿಗೆ ಒಂದು ಉಬ್ಬು ಬಳೆ. ವಿದ್ಯುತ್ ಒಲೆ, ಗ್ಯಾಸ್ ಒಲೆ ಬಂದ ಮೇಲೆ ಬಳೆಗೆ ಕೆಲಸವಿಲ್ಲದೆ ಅದು ನಿಧಾನವಾಗಿ ಮಾಯವಾಯಿತು. ಇನ್ನೂ ಹಳೆಯವು, ಹತ್ತಿರ ಹತ್ತಿರ 1890ಕ್ಕಿಂತ ಹಿಂದಿನವು, ಬೆನ್ನ ನಡುವೆ ಒಂದು ಉದ್ದನೆಯ ಉಬ್ಬುಗೆರೆ ಹೊತ್ತಿರುತ್ತವೆ. ಕರಗಿದ ಕಬ್ಬಿಣ ಅಚ್ಚಿನೊಳಗೆ ಇಳಿದ ದಾರಿ ಅದು. ಮಕ್ಕಳೇ, ನಿಮ್ಮ ಹೊಟ್ಟೆಯ ಮೇಲಿನ ಹೊಕ್ಕುಳ ನೋಡಿಕೊಳ್ಳಿ. ಬಾಣಲೆಗೂ ಹಾಗೇ ಒಂದು.

ಒಂದು ಶನಿವಾರ ಅಳಿಯ ನಮ್ಮಿಬ್ಬರನ್ನೂ ಹೆದ್ದಾರಿ ಪಕ್ಕದ ಹಳೆ ಸಾಮಾನಿನ ದೊಡ್ಡ ಅಂಗಡಿಯಲ್ಲಿ ಇಳಿಸಿ ತನ್ನ ಕೆಲಸಕ್ಕೆ ಹೋದ. ನನ್ನ ಜೇಬಿನಲ್ಲಿ ಟಾರ್ಚ್ ಮತ್ತು ಅಳತೆ ಟೇಪು. ಮೊಮ್ಮಗನ ಕೈಯಲ್ಲಿ ತೆಳು ಕಾಗದ, ಪೆನ್ಸಿಲ್. ಕಾಗದವಿಟ್ಟು ಪೆನ್ಸಿಲ್ ಓರೆಯಾಗಿ ಉಜ್ಜಿದರೆ ಕಣ್ಣಿಗೆ ಕಾಣದ ಅಕ್ಷರವೂ ಮೂಡುತ್ತದೆ. ನಾಣ್ಯದ ಮೇಲೆ ಉಜ್ಜಿ ಆಡಿದವರಿಗೆ ಇದು ಗೊತ್ತು. ಟಾರ್ಚನ್ನೂ ನೇರ ಬಿಡಬಾರದು, ಪಕ್ಕದಿಂದ ಮಲಗಿಸಿ ಬಿಡಬೇಕು. ನೋಟಿನ ಉಬ್ಬು ಮುದ್ರಣ ನೋಡಲು ನಮ್ಮ ಹೆಡ್ ಕ್ಯಾಷಿಯರ್ ಕಲಿಸಿದ ಉಪಾಯ ಅದು.

ಮೊದಲ ಕಪಾಟಿನಲ್ಲೇ ಒಂದು ಬಾಣಲೆ ಥಳಥಳ ಹೊಳೆಯುತ್ತಿತ್ತು. ಬೆನ್ನ ಮೇಲೆ 'ವ್ಯಾಗ್ನರ್ಸ್ 1891 ಒರಿಜಿನಲ್' ಎಂದು ಸ್ಪಷ್ಟವಾಗಿ ಎರಕ. ಬೆಲೆ ಚೀಟಿಯ ಮೇಲೂ 'ಕಾಲ: 1891', 120 ಡಾಲರ್. ಮೊಮ್ಮಗನ ಮುಖ ಬಾಡಿತು. ಅವನ ಗಂಟಿಗಿಂತ ಇಮ್ಮಡಿ. ನಾನು ಕೇಳಿದೆ, "ಹೋಟೆಲ್ ಬೋರ್ಡಿನ ಮೇಲೆ ಸ್ಥಾಪನೆ 1924 ಅಂತ ಬರೆದಿದ್ದರೆ ನಿನ್ನ ತಟ್ಟೆಯಲ್ಲಿರೋ ದೋಸೆ ಯಾವ ಕಾಲದ್ದೋ?" ಅವನು ಫಕ್ಕನೆ ನಕ್ಕ. ಆ ಬಾಣಲೆಗಳನ್ನು ಮಾಡಿದ್ದು 1991ರಲ್ಲಿ, ಕಾರ್ಖಾನೆಯ ನೂರನೇ ವರ್ಷದ ನೆನಪಿಗೆ. ಬಾಣಲೆ ಸುಳ್ಳು ಹೇಳುತ್ತಿಲ್ಲ, ಓದುವವರು ಅವಸರ ಮಾಡುತ್ತಾರೆ. ಹುಡುಗ ಗಲ್ಲಾ ಹತ್ತಿರ ಹೋಗಿ ವಯಸ್ಸಾದ ಅಂಗಡಿಯಾಕೆಗೆ ವಿನಯವಾಗಿಯೇ ಹೇಳಿದ. ಆಕೆ ಕನ್ನಡಕ ಏರಿಸಿ ನೋಡಿ, ಏನೂ ಮಾತಾಡದೆ ಚೀಟಿ ಕಿತ್ತು ಡ್ರಾಯರಿಗೆ ಹಾಕಿಕೊಂಡರು.

ಎರಡನೆಯದು ಗ್ರಿಸ್‌ವೋಲ್ಡ್ ಗುರುತಿನ ಎಂಟನೇ ನಂಬರು. ಅಗ್ಗವಾಗಿತ್ತು, ಅದೇ ಅನುಮಾನ ತಂದಿತು. ಅಕ್ಷರಗಳ ಅಂಚು ಚೀಪಿದ ಪೆಪ್ಪರ್‌ಮಿಂಟಿನ ಹಾಗೆ ಸವೆದಿತ್ತು, ಒಳಮೈ ಮರಳು ಮರಳು. ಹಳೆಯ ಕಾಲದವರು ಒಳಮೈಯನ್ನು ಉಜ್ಜಿ ನುಣುಪು ಮಾಡುತ್ತಿದ್ದರು. ಟೇಪು ಹಿಡಿದೆ. ಬಾಯಿ ಹತ್ತೂವರೆ ಇಂಚಿಗೆ ಒಂದು ಕೂದಲು ಕಮ್ಮಿಯಲ್ಲ, ಸುಮಾರು ಮೂರು ಮಿಲಿಮೀಟರ್ ಕಮ್ಮಿ.

ಆ ಮೂರು ಮಿಲಿಮೀಟರಿನ ಅರ್ಥ ನನಗೆ ಗೊತ್ತಾದದ್ದು ಬೆಳಗಾವಿಯಲ್ಲಿ. ಎಂಬತ್ತರ ದಶಕದಲ್ಲಿ ನಾನು ಅಲ್ಲಿದ್ದಾಗ ಉದ್ಯಮಬಾಗದ ಫೌಂಡ್ರಿಗಳು ನಮ್ಮ ಶಾಖೆಯಿಂದ ಸಾಲ ಪಡೆಯುತ್ತಿದ್ದವು. ಅಡಮಾನದ ದಾಸ್ತಾನು ಲೆಕ್ಕ ಹಾಕಲು ಮ್ಯಾನೇಜರ ಜೊತೆ ನಾನೂ ಹೋಗುತ್ತಿದ್ದೆ. ಜೇಡಿ ಬೆರೆಸಿದ ಒದ್ದೆ ಮರಳನ್ನು ಎರಡು ಪೆಟ್ಟಿಗೆಯಲ್ಲಿ ಒತ್ತಿ ತುಂಬಿ, ನಡುವೆ ಮಾದರಿ ಇಟ್ಟು, ಪೆಟ್ಟಿಗೆ ಬಿಡಿಸಿ ಮಾದರಿ ತೆಗೆದರೆ ಮರಳಿನಲ್ಲಿ ಅದರ ಗುಂಡಿ ಉಳಿಯುತ್ತದೆ. ಪೆಟ್ಟಿಗೆ ಮತ್ತೆ ಕೂಡಿಸಿ 1200 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾದ ಬೀಡನ್ನು ಆ ಗುಂಡಿಗೆ ಹೊಯ್ಯುತ್ತಾರೆ. ಅಲ್ಲಿನ ಹಿರಿಯ ಮಿಸ್ತ್ರಿ ಒಮ್ಮೆ ನನ್ನ ಕೈಗೆ ಒಂದು ಸ್ಕೇಲು ಕೊಟ್ಟು, "ಸಾಹೇಬ್ರ, ನಿಮ್ಮ ಸ್ಕೇಲ್ ಬಾಜೂಕ ಇಟ್ಟು ನೋಡ್ರಿ" ಎಂದರು. ಅವರ ಒಂದು ಅಡಿ ನನ್ನ ಒಂದು ಅಡಿಗಿಂತ ಇಂಚಿನ ಎಂಟನೇ ಒಂದು ಭಾಗ ಉದ್ದವಿತ್ತು! ಬೀಡು ಆರುವಾಗ ಅಡಿಗೆ ಅಷ್ಟು ಕುಗ್ಗುತ್ತದೆ, ಅದಕ್ಕೆ ಮಾದರಿಯನ್ನು ಮೊದಲೇ ಅಷ್ಟು ದೊಡ್ಡದು ಮಾಡುತ್ತಾರೆ.

ಈಗ ಯೋಚಿಸಿ. ನಕಲು ಮಾಡುವವನ ಬಳಿ ಹಳೆಯ ಕಾರ್ಖಾನೆಯ ಮಾದರಿ ಇರುವುದಿಲ್ಲ. ಅಸಲಿ ಬಾಣಲೆಯನ್ನೇ ಮಾದರಿಯಾಗಿಟ್ಟು ಮರಳಿನಲ್ಲಿ ಒತ್ತುತ್ತಾನೆ. ಆಗಲೇ ಒಮ್ಮೆ ಕುಗ್ಗಿದ ಬಾಣಲೆಯ ಅಚ್ಚಿಗೆ ಹೊಯ್ದ ಬೀಡು ಇನ್ನೊಮ್ಮೆ ಕುಗ್ಗುತ್ತದೆ. ಹತ್ತೂವರೆ ಇಂಚಿಗೆ ಸುಮಾರು ಮೂರು ಮಿಲಿಮೀಟರ್. ನಕಲು ಅಸಲಿಗಿಂತ ಚಿಕ್ಕದಾಗಿಯೇ ಹುಟ್ಟುತ್ತದೆ, ನಕಲಿನ ನಕಲು ಇನ್ನೂ ಚಿಕ್ಕದು. ಎಂಥ ಕೈಚಳಕದ ಸಹಿ ಫೋರ್ಜರಿಯನ್ನಾದರೂ ಕಂಡಿದ್ದೇನೆ, ಹೀಗೆ ತನ್ನನ್ನು ತಾನೇ ಹಿಡಿದುಕೊಡುವ ನಕಲನ್ನು ಬ್ಯಾಂಕಿನಲ್ಲಿ ಕಂಡಿರಲಿಲ್ಲ.

ಕಪಾಟಿನ ಅಡಿಯಲ್ಲಿ, ನೆಲದ ಮೇಲೆ, ತುಕ್ಕು ಮತ್ತು ಕರಿ ಜಿಡ್ಡು ಗಟ್ಟಿದ ಬಾಣಲೆಯೊಂದು ಬಿದ್ದಿತ್ತು. ಚೀಟಿಯ ಮೇಲೆ 'ಹೆಸರಿಲ್ಲ, 28 ಡಾಲರ್'. ಮೊಮ್ಮಗ ಹಿಡಿಯಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ಬಡಿದ. ಠಣ್ ಎಂದು ಗಂಟೆಯ ಹಾಗೆ ದನಿ ನಿಂತು ಕೇಳಿತು. ಸೀಳು ಬಿಟ್ಟಿದ್ದರೆ ಬದ್ ಎನ್ನುತ್ತಿತ್ತು. ಬೆಳ್ಳಿ ರೂಪಾಯಿಯ ಕಾಲದ ಗುಮಾಸ್ತರು ನಾಣ್ಯವನ್ನು ಕಲ್ಲಿಗೆ ಕುಟ್ಟಿ ನೋಡುತ್ತಿದ್ದರಂತೆ. ಗಾಜಿನ ಮೇಜಿನ ಮೇಲಿಟ್ಟರೆ ಅಲುಗಲಿಲ್ಲ. ಬೆನ್ನಿಗೆ ಬಳೆ ಇತ್ತು, ಜಿಡ್ಡಿನ ನಡುವೆ '8' ಮಾತ್ರ ಕಂಡಿತು. "ಇದೇ ತಾತ" ಎಂದ. ಪಕ್ಕದಲ್ಲಿ ಎಂಟು ಡಾಲರಿನ ಒಂದು ಪುಟಾಣಿ ಪಾತ್ರೆಯಿತ್ತು, ಸುರಿಯಲು ಮೂತಿ, ಉದ್ದ ಹಿಡಿ. ಒಗ್ಗರಣೆ ಸೌಟಿಗೆ ಇನ್ನೇನು ಬೇಕು? ಅಜ್ಜಿಗೆಂದು ಅದನ್ನೂ ತೆಗೆದುಕೊಂಡ. ನಿಜ ಹೇಳಬೇಕೆಂದರೆ ಅವನ ಮನಸ್ಸೆಲ್ಲ ಆ ಪುಟಾಣಿಯ ಮೇಲೇ ಇತ್ತು. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದ.

ಮನೆಗೆ ಬಂದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಕೆಲಸವಿತ್ತು. ಹಳೆಯ ಬೀಡಿನ ಪಾತ್ರೆಗಳಲ್ಲಿ ಕೆಲವರು ಸೀಸ ಕರಗಿಸುತ್ತಿದ್ದರು, ಬಂದೂಕಿನ ಗುಂಡು ಮಾಡಲು, ಮೀನಿನ ಗಾಳಕ್ಕೆ ಕಟ್ಟುವ ಭಾರದ ಗುಂಡು ಮಾಡಲು. ಸೀಸ 327 ಡಿಗ್ರಿಗೇ ಕರಗುತ್ತದೆ, ಮನೆಯ ಒಲೆಯೇ ಸಾಕು. ಅದರ ವಿಷ ದೊಡ್ಡವರಿಗಿಂತ ಚಿಕ್ಕ ಮಕ್ಕಳ ಮೆದುಳಿಗೆ ಹೆಚ್ಚು ಕೇಡು. ನನ್ನ ಮೊಮ್ಮಗಳಿಗೆ ಆಗಿನ್ನೂ ಮೂರು ವರ್ಷ. ಯಾವ ಕಾರ್ಖಾನೆಯ ಗುರುತೂ ಈ ಸಂಗತಿ ಹೇಳುವುದಿಲ್ಲ. ಅಳಿಯ ಅಂಗಡಿಯಿಂದ ಸೀಸ ಪತ್ತೆ ಹಚ್ಚುವ ಕಡ್ಡಿಗಳನ್ನು ತಂದಿದ್ದ, ತುದಿಯನ್ನು ಪಾತ್ರೆಗೆ ಉಜ್ಜಿ ಬಣ್ಣ ನೋಡುವಂಥವು. ಉಜ್ಜಿ ತಿಕ್ಕುವ ಮೊದಲೇ ಈ ಪರೀಕ್ಷೆಯಾಗಬೇಕು, ಇಲ್ಲದಿದ್ದರೆ ಧೂಳು ಮನೆಯೊಳಗೆಲ್ಲ ಹರಡೀತು. ಗ್ಯಾರೇಜಿನಲ್ಲಿ ನಿಂತು ಬಾಣಲೆಗೆ ಉಜ್ಜಿದೆವು, ಒಳಗೆ ಎರಡು ಕಡೆ, ಹೊರಗೆ ಎರಡು ಕಡೆ. ಬಣ್ಣ ಬರಲಿಲ್ಲ. ಪುಟಾಣಿ ಪಾತ್ರೆಗೆ ಉಜ್ಜಿದ ಕಡ್ಡಿ ಕೆಂಪಾಯಿತು. ಇನ್ನೊಂದು ಕಡ್ಡಿ ತೆಗೆದು ಉಜ್ಜಿದೆವು. ಅದೂ ಕೆಂಪು.

"ಚೆನ್ನಾಗಿ ತೊಳೆದರೆ ಹೋಗಲ್ವಾ ತಾತ? ಬಿಸಿನೀರಲ್ಲಿ?" ಎಂದ. ಬೀಡಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತ ಸೀಸ ಪೂರ್ತಿ ಹೋಯಿತೆಂದು ನಂಬುವಂತಿಲ್ಲ ಎಂದೆ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ತಂಗಿಯ ಕೈ ತೊಳೆಸಿದ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು ಅಷ್ಟೆ, ಮುಟ್ಟಿರಲೇ ಇಲ್ಲ. ಪುಟಾಣಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ಅಳಿಯ ಒಯ್ದು ಕೊಟ್ಟ. ಎಂಟು ಡಾಲರ್ ನಾನು ಕೊಡುತ್ತೇನೆಂದರೂ ಹುಡುಗ ತೆಗೆದುಕೊಳ್ಳಲಿಲ್ಲ.

ಬಾಣಲೆಯ ಜಿಡ್ಡು ತೆಗೆಯುವ ಕೆಲಸ ಅಳಿಯನದು. ಕಾಸ್ಟಿಕ್ ಇರುವ ಒಲೆ ಶುಚಿಕಾರಕ ಬಳಿದು ಚೀಲದಲ್ಲಿ ಕಟ್ಟಿಡುವುದು. ಕೈಗವಸು, ಕಣ್ಣಿಗೆ ಕನ್ನಡಕ ಹಾಕಿದ ದೊಡ್ಡವರೇ ಮಾಡಬೇಕಾದದ್ದು, ಮಕ್ಕಳು ಹತ್ತಿರ ಸುಳಿಯಬಾರದು. ಮೂರನೇ ದಿನ ತೊಳೆದು ಒರೆಸಿದಾಗ ಬೂದು ಬಣ್ಣದ ಬರಿಮೈ ಹೊರಬಂತು. ಬೆನ್ನ ಮೇಲೆ ಅಕ್ಷರಗಳೂ ಬಂದವು. 'ವಪಾಕ್'! ಹೆದ್ದಾರಿಯ ಮೂರನೇ ಊರು ವಪಕೊನೆಟದ ಕಾರ್ಖಾನೆ, 1903ರಿಂದ 1926ರವರೆಗೆ ನಡೆದದ್ದು. ಅಂದರೆ ಆ ಊರಿನ ಬಳಿಯೇ ಹುಟ್ಟಿ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್‌ಗಿಂತ ನಮ್ಮ ಬಾಣಲೆ ಹಿರಿಯದು. ಅವರು ಹುಟ್ಟಿದ್ದು 1930ರಲ್ಲಿ. ಹುಡುಗ ಈ ಲೆಕ್ಕ ಮಾಡಿ ಮನೆಯೆಲ್ಲ ಕುಣಿದ.

ಮುಂದೆ ನಡೆದದ್ದು ಪೆನ್ಸಿಲಿನ ಪವಾಡ. ಕಾಗದವಿಟ್ಟು ಉಜ್ಜಿದಾಗ 'ವಪಾಕ್' ಜೊತೆಗೆ, ಅದರಡಿ ಮಸುಕಾಗಿ, ಸ್ಲೇಟಿನ ಮೇಲೆ ಒರೆಸಿದ ಬಳಪದ ಹಾಗೆ ಇನ್ನೊಂದು ಮಾತು ಮೂಡಿತು: 'ಈರಿ'. ಗ್ರಿಸ್‌ವೋಲ್ಡ್‌ನವರ ಹಳೆಯ ಗುರುತು! ಸಂಗ್ರಹಕಾರರು ಇದನ್ನು ಭೂತದ ಗುರುತು ಎನ್ನುತ್ತಾರೆ. ವಪಾಕಿನವರು ಈರಿ ಬಾಣಲೆಗಳನ್ನೇ ಮಾದರಿಯಾಗಿಟ್ಟು, ಹಳೆಯ ಹೆಸರನ್ನು ಕೆರೆದು ತಮ್ಮದನ್ನು ಸೇರಿಸಿದರೆಂದು ಅವರ ವಿವರಣೆ. ಕೆರೆದದ್ದು ಸಾಲದೆ ಹಳೆಯ ಹೆಸರು ಮರಳಿನಲ್ಲಿ ಇಣುಕಿ, ಬೀಡಿನಲ್ಲಿ ನಿಂತುಬಿಟ್ಟಿತು. ಹುಡುಗ ತಕ್ಷಣ ಟೇಪು ತಂದು ಅಳೆದ. ಹತ್ತೂವರೆಗೆ ಸ್ವಲ್ಪ ಕಮ್ಮಿಯೇ! "ತಾತ, ಇದೂ ನಕಲಾ ಹಾಗಾದರೆ?" ಎಂದು ಕೇಳಿದ. ನೂರು ವರ್ಷ ಒಲೆಯ ಮೇಲೆ ಬಾಳಿದ್ದನ್ನು ಹಾಗೆನ್ನಲು ನನಗೆ ಬಾಯಿ ಬರಲಿಲ್ಲ. "ಒಳಮೈ ಮುಟ್ಟಿ ನೋಡು" ಎಂದೆ. ಗಾಜಿನಷ್ಟು ನುಣುಪಾಗಿತ್ತು.

ಪಳಗಿಸುವ ಹೊಣೆಯನ್ನು ನಮ್ಮ ಮನೆಯವರು ಯಾರಿಗೂ ಬಿಟ್ಟುಕೊಡಲಿಲ್ಲ. ತೆಳುವಾಗಿ ಎಣ್ಣೆ ಸವರಿ ಒರೆಸಿ ಕಾಯಿಸುವುದು, ಆರಿಸುವುದು, ಮತ್ತೆ ಕಾಯಿಸುವುದು, ನಡುನಡುವೆ ಅರ್ಧ ಈರುಳ್ಳಿಯಿಂದ ಉಜ್ಜುವುದು. ನಾಲ್ಕು ದಿನದಲ್ಲಿ ಬಾಣಲೆ ಕರ್ರಗೆ ಮಿಂಚತೊಡಗಿತು. ಹುಟ್ಟುಹಬ್ಬದ ಬೆಳಿಗ್ಗೆ ಸಬ್ಬಸಿಗೆ ಸೊಪ್ಪು, ತೆಂಗಿನತುರಿ ಹಾಕಿ ಹಿಟ್ಟು ಕಲಸಿ, ತಣ್ಣಗಿನ ಬಾಣಲೆಗೇ ರೊಟ್ಟಿ ತಟ್ಟಿ ಒಲೆಗಿಟ್ಟರು. ಮೊದಲನೆಯದು ಅಂಟದೆ ಎದ್ದು ಬಂತು, ತಳ ಹೊಂಬಣ್ಣ. ಎರಡನೆಯದು ತಟ್ಟಬೇಕಲ್ಲ, ಬಾಣಲೆ ಕಾದಿದೆ. ಊರಿನಲ್ಲಿ ಮಾಡುವಂತೆ ಬೋರಲು ಹಾಕಿ ನಲ್ಲಿ ನೀರು ಬಿಡಲು ಹೊರಟರು. "ಅಜ್ಜೀ, ಬೇಡಾ!" ಎಂದು ಹುಡುಗ ಕಿರುಚಿದ ರಭಸಕ್ಕೆ ಮಗಳು ಮಹಡಿಯಿಂದ ಓಡಿ ಬಂದಳು. ಕಾದ ಬೀಡಿಗೆ ತಣ್ಣೀರು ಬಿದ್ದರೆ ಸೀಳಿಹೋಗುತ್ತದೆ. ಪುಸ್ತಕದಲ್ಲಿ ಅದನ್ನು ಕೆಂಪು ಗೆರೆ ಎಳೆದಿಟ್ಟುಕೊಂಡಿದ್ದನಂತೆ. ಲೈಬ್ರರಿ ಪುಸ್ತಕಕ್ಕೆ ಗೆರೆ ಎಳೆಯಬಾರದು ಎಂದು ಆಮೇಲೆ ಹೇಳಿದೆ, ಆ ಹೊತ್ತಿಗಲ್ಲ. ಉಳಿದ ರೊಟ್ಟಿಗಳನ್ನು ಒದ್ದೆ ಬಟ್ಟೆಯ ಮೇಲೆ ತಟ್ಟಿ ಬಾಣಲೆಗೆ ಮಗುಚಿದೆವು.

ಮಗಳು ಆರು ರೊಟ್ಟಿ ಮುಗಿಯುವವರೆಗೂ ಬಾಣಲೆಯ ಪಕ್ಕ ನಿಂತೇ ತಿಂದಳು. ಆರಿದ ಮೇಲೆ ಮಗುಚಿ ಬೆನ್ನು ನೋಡಿ, "ಇಷ್ಟೆಲ್ಲ ಹೆಸರಿದೆ, ನನ್ನದೊಂದು ಇಲ್ಲವಲ್ಲಪ್ಪಾ. ಊರಲ್ಲಾಗಿದ್ದರೆ ಅಂಗಡಿಯವನೇ ಕೊರೆದುಕೊಡುತ್ತಿದ್ದ" ಎಂದಳು.

ಅದೇ ಅಂಗಡಿಯ ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಗ್ರಿಸ್‌ವೋಲ್ಡ್‌ನವರ ಇನ್ನೊಂದು ಸಾಮಾನು ಕಂಡಿದ್ದೆವು. ದುಂಡು ಕಾವಲಿ, ಏಳು ಗುಳಿ, ಒಂದು ಹಿಡಿ; ನೋಡಿದರೆ ಸಾಕ್ಷಾತ್ ನಮ್ಮ ಪಡ್ಡಿನ ಕಾವಲಿ. ಬೆನ್ನ ಮೇಲೆ ನಂಬರು 32, ಮಾದರಿ ಸಂಖ್ಯೆ 962, 'ಡೇನಿಷ್ ಕೇಕ್ ಪ್ಯಾನ್'. ಡೆನ್ಮಾರ್ಕಿನವರು ಅದರಲ್ಲಿ ಸಿಹಿ ಉಂಡೆ ಬೇಯಿಸುತ್ತಾರಂತೆ; ಗುಳಿಯೊಳಗೆ ಕಡ್ಡಿ ಹಾಕಿ ತಿರುಗಿಸುವ ಕ್ರಮವೂ ನಮ್ಮದೇ. ಬೆಲೆ ಅವನ ಕೈಯಲ್ಲಿ ಉಳಿದ ದುಡ್ಡಿಗೆ ಎಟುಕುವಂತಿರಲಿಲ್ಲ. ಕಳೆದ ವಾರ ಫೋನ್ ಮಾಡಿದ್ದ. ಅಲ್ಲಿ ಹಿಮ ಬೀಳಲು ಶುರುವಾಗಿದೆಯಂತೆ, ಪಕ್ಕದ ಮೂರು ಮನೆಯವರು ಹಿಮ ಗುಡಿಸಲು ಇವನನ್ನೇ ಕರೆದಿದ್ದಾರಂತೆ. ಕಾವಲಿ ಇನ್ನೂ ಅದೇ ಕಪಾಟಿನಲ್ಲಿದೆಯಂತೆ. ಟೇಪು ಹಿಡಿದು ಅಳೆದುಬಂದಿದ್ದಾನೆ.